ಭುವನ್-ಸಾನ್ ಎಂಬ ಕೇಳುಗ

ಭಾನುವಾರ ಬೆಳಿಗ್ಗೆ ಕುಮುದಾ ಅಕ್ಕಿರೊಟ್ಟಿ ತಟ್ಟುತ್ತಿದ್ದಾಗ, ಅವಳು ಬರೆದ ಮಾತನ್ನು ಇನ್ಯಾರದೋ ಹೆಸರಿನಲ್ಲಿ ರೇಡಿಯೋದಲ್ಲಿ ಓದಿದರು. ಓದಿದವರು ಮಿಝೊಗುಚಿ-ಸಾನ್; ಜಪಾನಿನಲ್ಲಿ ಹೆಸರಿಗೆ ಸಾನ್ ಸೇರಿಸಿದರೆ ನಮ್ಮ 'ಅವರು' ಎಂದ ಹಾಗೆ. ಹಮಾಮತ್ಸು ಊರಿನ ಪುಟ್ಟ ಎಫ್‌ಎಂ ಸ್ಟೇಷನ್ನಿನಲ್ಲಿ ವಾರಕ್ಕೊಮ್ಮೆ ಕೇಳುಗರ ಮೆಚ್ಚುಗೆಯ ಹಾಡು ಹಾಕುವಾಕೆ.

"ಟೋಕಿಯೋದ ನಿಶಿ ಕಸಾಯಿಯಿಂದ ಭುವನ್-ಸಾನ್ ಬರೆದಿದ್ದಾರೆ," ಎಂದರು ಆಕೆ. "ಈ ಹಾಡಿನಲ್ಲಿ ಸ್ಟೀಲ್ ಗಿಟಾರು ಅಳುವುದಿಲ್ಲವಂತೆ. ಬಾಗಿಲವರೆಗೆ ಬಂದು, ಒಳಗಿನವರು ಕರೆಯಲಿ ಅಂತ ನಿಂತುಕೊಳ್ಳುತ್ತದಂತೆ. ಎಷ್ಟು ಚೆನ್ನಾಗಿ ಕೇಳಿಸಿಕೊಂಡಿದ್ದಾರೆ ನೋಡಿ."

ಆಮೇಲೆ ಹಾಡು ಶುರುವಾಯಿತು. ಹಾಡಿದವಳೂ ಕುಮುದಾಳೇ. ಕಾವಲಿಯ ಮೇಲಿನ ರೊಟ್ಟಿ ಹೊಗೆಯಾಡತೊಡಗಿದರೂ ಅವಳಿಗೆ ಅದರ ಪರಿವೆ ಇರಲಿಲ್ಲ. ಹಮಾಮತ್ಸುವಿನಲ್ಲೇ ಹುಟ್ಟಿ ಬೆಳೆದ ಮಗಳು ಹಂಸಾ ಮೇಜಿನಿಂದ ತಲೆಯೆತ್ತಿ, ಆ ಸೆಂಟೆನ್ಸ್ ನಿಂದೇ ಅಲ್ವಾ ಅಮ್ಮ ಎಂದು ಕೇಳಿದಳು. ಕುಮುದಾ ಸುಮ್ಮನೆ ತಿನ್ನು ಎಂದು ಗದರಿದಳು. ತಿನ್ನುವುದಕ್ಕೆ ತಟ್ಟೆಯಲ್ಲಿ ಏನೂ ಇರಲಿಲ್ಲ.

ಹಾಡು ಮುಗಿಯುವಷ್ಟರಲ್ಲಿ ಫೋನು ಬಂತು. ತೆರಾದಾ-ಸಾನ್! ಆ ಹಾಡಿನಲ್ಲಿ ಸ್ಟೀಲ್ ಗಿಟಾರು ನುಡಿಸಿದವರು. ಎಪ್ಪತ್ತು ದಾಟಿದ ಈ ಮನುಷ್ಯ ಯಾವತ್ತೂ ಫೋನ್ ಮಾಡುವವರಲ್ಲ. ಪ್ರಾಕ್ಟೀಸ್ ಎಲ್ಲಿ, ಎಷ್ಟು ಹೊತ್ತಿಗೆ ಎಂದು ಒಂದು ಸಾಲು ಮೆಸೇಜು ಹಾಕಿದರೆ ಅದೇ ದೊಡ್ಡದು. ಕೇಳಿದಿರಾ ಎಂದರು. ಕೇಳಿದೆ ಎಂದಳು. ಆಮೇಲೆ ಅವರು ಮೆಲ್ಲಗೆ ಹೇಳಿದ್ದಿಷ್ಟು: ಐವತ್ತು ವರ್ಷದಿಂದ ಈ ವಾದ್ಯ ನುಡಿಸುತ್ತಿದ್ದೇನೆ, ನಾನು ಏನು ಮಾಡಲು ನೋಡುತ್ತಿದ್ದೇನೆಂದು ಒಬ್ಬರು ಹೇಳಿದ್ದು ಇದೇ ಮೊದಲು. ಆ ಮಾತನ್ನು ಬರೆದಿಟ್ಟುಕೊಂಡಿದ್ದೇನೆ, ಗಿಟಾರ್ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸುತ್ತೇನೆ. ಭುವನ್-ಸಾನ್ ನಿಮ್ಮ ದೇಶದವರಿರಬೇಕಲ್ಲ, ನಿಮಗೆ ಗೊತ್ತೇ?

ಆಗಲೇ ಬಾಯಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಕುಮುದಾ ಹೌದು, ಪರಿಚಯದವರು ಎಂದುಬಿಟ್ಟಳು.

ಮೈಸೂರಿನ ಹೆಣ್ಣುಮಗಳಿಗೆ ಅಮೆರಿಕದ ಕೌಬಾಯ್ ಸಂಗೀತ, ಅದೂ ಜಪಾನಿನಲ್ಲಿ, ಹೇಗಪ್ಪಾ ಗಂಟುಬಿತ್ತು ಎಂದು ಯಾರಿಗಾದರೂ ಅನಿಸಬೇಕಾದ್ದೇ. ಗಂಡ ನಿತಿನ್ ಇಲ್ಲಿಯ ವಾಹನದ ಬಿಡಿಭಾಗಗಳ ಕಂಪನಿಯಲ್ಲಿ ಎಂಜಿನಿಯರ್. ಬಂದ ಹೊಸದರಲ್ಲಿ ಕುಮುದಾಳಿಗೆ ಗೊತ್ತಿದ್ದದ್ದು ಕೆಲಸಕ್ಕೆ ಸೇರಿದ ಶಿಶುವಿಹಾರದ ದಾರಿ, ಹಗಲುರಾತ್ರಿ ತೆರೆದಿರುವ ಪುಟ್ಟ ಅಂಗಡಿ ಕೊಂಬಿನಿಯ ದಾರಿ, ಎರಡೇ. ಒಂದು ಚಳಿಗಾಲ, ಇಲ್ಲಿಯ ಒಣಗಾಳಿ ಸೈಕಲ್ಲನ್ನೇ ಉರುಳಿಸುವ ಹಾಗೆ ಬೀಸುತ್ತಿದ್ದಾಗ, ತಪ್ಪಿಸಿಕೊಳ್ಳಲು ಒಂದು ಹಳೆಯ ಕಾಫಿ ಅಂಗಡಿಗೆ ನುಗ್ಗಿದಳು. ಹಿಂದಿನ ಕೋಣೆಯಲ್ಲಿ ಟೋಪಿ ಹಾಕಿಕೊಂಡ ಮೂವರು ಮುದುಕರು ಬಾರಿಸುತ್ತಿದ್ದರು. ಅವರಲ್ಲೊಬ್ಬರು ಬುರುಡೆಯಿಲ್ಲದ ವೀಣೆಯನ್ನು ಮೇಜಿನ ಮೇಲೆ ಮಲಗಿಸಿದಂಥ ವಾದ್ಯದ ಮುಂದೆ ಕೂತು, ಉಕ್ಕಿನ ತುಂಡೊಂದನ್ನು ತಂತಿಯ ಮೇಲೆ ಜಾರಿಸುತ್ತಿದ್ದರು. ಸ್ವರ ಒಂದರಿಂದ ಇನ್ನೊಂದಕ್ಕೆ ಹಾರುತ್ತಿರಲಿಲ್ಲ, ಇಳಿಯುತ್ತಿತ್ತು. ಚಿಕ್ಕಂದಿನಿಂದ ಸಂಗೀತದ ಮೇಷ್ಟ್ರು ಕೈಹಿಡಿದು ಕಲಿಸಿದ ಜಾರು ಇದೇ ಅಲ್ಲವೇ ಎಂದು ಕುಮುದಾ ಅಲ್ಲೇ ನಿಂತು ಗುನುಗಿದಳು. ವಾದ್ಯ ನಿಂತಿತು. ಮೋ ಇಕ್ಕಾಯ್, ಇನ್ನೊಂದು ಸಲ, ಎಂದರು ತೆರಾದಾ-ಸಾನ್. ಅವತ್ತಿನಿಂದ ಆರು ವರ್ಷ ಅವರು ಅವಳಿಗೆ ಹೇಳಿದ್ದು ಹೆಚ್ಚುಕಮ್ಮಿ ಅದೊಂದೇ ಮಾತು.

ಈ ಊರಿನಲ್ಲಿ ಹೊಗಳಿಕೆಗೇನೂ ಬರವಿಲ್ಲ. ಕಡ್ಡಿಯಲ್ಲಿ ಅನ್ನ ಎತ್ತಿದರೂ ಬಲು ನಿಪುಣೆ, ಛತ್ರಿ ಮಡಿಸಿದರೂ ಬಲು ನಿಪುಣೆ. ನಮ್ಮವರೋ, ಅದಕ್ಕಿಂತ ಮೇಲು. ಕನ್ನಡದ ಬಳಗದ ವಾಟ್ಸಾಪಿನಲ್ಲಿ ಹಾಡು ಹಾಕಿದರೆ, ಅದು ಮುಗಿಯುವುದಕ್ಕೂ ಮೊದಲೇ ಸೂಪರ್ ಅಕ್ಕಾ, ಬೆಂಕಿ ಅಕ್ಕಾ ಎಂದು ಹೆಬ್ಬೆರಳುಗಳು ಎದ್ದಿರುತ್ತವೆ. ಎರಡೂ ಕಡೆಯ ಈ ಸಕ್ಕರೆಯಲ್ಲಿ ಕುಮುದಾಳಿಗೆ ನಾಲಗೆ ಜಡ್ಡುಗಟ್ಟಿಹೋಗಿತ್ತು. ತಾನು ನಿಜವಾಗಿ ಚೆನ್ನಾಗಿ ಹಾಡುತ್ತೇನೆಯೇ ಎಂದು ಒಬ್ಬರಾದರೂ ಹೇಳಬೇಕು; ಹೇಳಬಲ್ಲ ಒಬ್ಬರು ಮೋ ಇಕ್ಕಾಯ್ ಬಿಟ್ಟು ಬೇರೆ ಹೇಳುವುದಿಲ್ಲ. ಅದು ಅವಳ ಹೊಟ್ಟೆಯೊಳಗಿನ ಹಳೆಯ ಸಂಕಟ.

ಈ ವರ್ಷ ಆ ಮುದುಕರು ಕೊನೆಗೂ ಒಂದೇ ಹಾಡಿನ ಸಿಂಗಲ್ ಒಂದನ್ನು ಹೊರತಂದರು. ಹಾಡಿನ ಹೆಸರು 'ಹಮಾಮತ್ಸು ಎಕ್ಸಿಟ್'. ಕಟ್ಟಿದವರು ತೆರಾದಾ-ಸಾನ್. ಜೀವಂತ ಹಾವುಮೀನು ತುಂಬಿಕೊಂಡು ಟೋಕಿಯೋ ಕಡೆ ಹೋಗುವ ಲಾರಿ ಡ್ರೈವರ್ ಒಬ್ಬನ ಕತೆ. ಹೆದ್ದಾರಿಯಲ್ಲಿ ಅವನ ಊರಿನ ತಿರುವು ಬರುತ್ತದೆ, ಮನೆಯ ದೀಪ ಕಾಣುವಷ್ಟು ಹತ್ತಿರ. ನಿಲ್ಲಿಸಿದರೆ ಮೀನು ಉಳಿಯುವುದಿಲ್ಲ, ಹಾಗಾಗಿ ಪ್ರತಿಸಲ ದಾಟಿಹೋಗುತ್ತಾನೆ. ಅಷ್ಟೇ ಹಾಡು. ಕುಮುದಾಳ ದನಿ ತಿರುವು ಬಂತು ಎಂದಾಗ, ಹಿಂದಿನಿಂದ ಸ್ಟೀಲ್ ಗಿಟಾರು ಬಂದು ಒಂದು ಕ್ಷಣ ನಿಲ್ಲುತ್ತದೆ.

ಮಿಝೊಗುಚಿ-ಸಾನ್ ಕಾರ್ಯಕ್ರಮದಲ್ಲಿ ತಿಂಗಳ ಕೊನೆಗೆ ಯಾವ ಹಾಡಿಗೆ ಹೆಚ್ಚು ಕೋರಿಕೆ ಬರುತ್ತದೋ, ಆ ತಂಡಕ್ಕೆ ಮೇ ತಿಂಗಳಲ್ಲಿ ಹಮಾನಾ ಸರೋವರದ ದಡದ ಸಂಗೀತ ಕೂಟದಲ್ಲಿ ನುಡಿಸುವ ಅವಕಾಶ. ದೇಶದ ಕೌಬಾಯ್ ಟೋಪಿಗಳೆಲ್ಲ ಅಲ್ಲಿ ಸೇರುತ್ತವೆ. ತೆರಾದಾ-ಸಾನ್ ಎಷ್ಟೋ ವರ್ಷದಿಂದ ಅಲ್ಲಿಗೆ ಹೋಗಿ ಬೇರೆಯವರ ಸ್ಪೀಕರ್ ಹೊತ್ತುಕೊಡುತ್ತಾರೆ, ವೇದಿಕೆ ಹತ್ತಿದವರಲ್ಲ. ಈಚೆಗೆ ಅವರ ಎಡಗೈ ನಡುಗತೊಡಗಿದೆ. ಕತ್ತಿನ ನರ ಒತ್ತಿಕೊಂಡಿದೆಯಂತೆ, ಜೂನಿನಲ್ಲಿ ಆಪರೇಷನ್. ಆಮೇಲೆ ಆ ಉಕ್ಕಿನ ತುಂಡನ್ನು ಹಿಡಿಯಲು ಆಗುತ್ತದೆಯೋ ಇಲ್ಲವೋ ಡಾಕ್ಟರೂ ಹೇಳಿಲ್ಲ. ಅಂದರೆ ಈ ಮೇ ತಪ್ಪಿದರೆ ಇನ್ನೊಂದು ಮೇ ಇಲ್ಲ. ಇದನ್ನು ತೆರಾದಾ-ಸಾನ್ ಯಾರಿಗೂ ಬಾಯಿಬಿಟ್ಟು ಹೇಳಲಿಲ್ಲ. ಡ್ರಮ್ ಬಾರಿಸುವ, ಆ ಕಾಫಿ ಅಂಗಡಿಯ ಮಾಲೀಕ ಕೊಯಿಕೆ-ಸಾನ್ ಕುಮುದಾಳನ್ನು ಪಕ್ಕಕ್ಕೆ ಕರೆದು ತಿಳಿಸಿದರು.

ಅವಳು ಅದನ್ನು ಮನೆಗೆ ಬಂದು ನಿತಿನ್‌ಗೆ ಹೇಳಿ ಕಣ್ಣೀರು ಹಾಕಿದ್ದೇ ತಪ್ಪಾಯಿತು. ನಿತಿನ್ ಒಳ್ಳೆಯವನೇ, ಆದರೆ ಅವನ ಮುಂದೆ ಕಷ್ಟ ತೋಡಿಕೊಂಡರೆ ಸುಮ್ಮನೆ ಕೇಳಿಸಿಕೊಳ್ಳುವ ಜಾತಿಯಲ್ಲ. ಪರಿಹಾರ ತಂದು ಮುಂದಿಡುತ್ತಾನೆ.

"ಇಷ್ಟಕ್ಕೆ ಅಳ್ತಿದ್ದೀಯಾ? ನಮ್ಮ ಗ್ರೂಪಲ್ಲಿ ಎಷ್ಟು ಜನ ಇದಾರೆ ಗೊತ್ತಾ?" ಎಂದ. "ಟೀವಿ ಹಾಡಿನ ಶೋನಲ್ಲಿ ನಮ್ಮೂರ ಹುಡುಗಿ ಇದ್ರೆ ಇಡೀ ಮೈಸೂರು ಎಸ್ಸೆಮ್ಮೆಸ್ ಹಾಕ್ತಿರಲಿಲ್ವಾ? ಇದೂ ಹಂಗೇ. ಸಪೋರ್ಟ್ ಕಣೇ."

ಕೋರಿಕೆಯ ಜೊತೆ ಜಪಾನೀಸಿನಲ್ಲಿ ನಾಲ್ಕು ಮಾತು ಬರೆಯಬೇಕು, ಅದು ಇಲ್ಲಿಯ ಪದ್ಧತಿ. ನಿತಿನ್‌ನ ಜಪಾನೀಸು ನಟ್ಟು ಬೋಲ್ಟು ದಾಟಿ ಆಚೆ ಹೋಗುವುದಿಲ್ಲ. ನೀನೇ ಒಂದು ಸ್ಯಾಂಪಲ್ ಬರೆದುಕೊಡು ಎಂದ. ಕುಮುದಾ ಬೇಡ ಬೇಡ ಎನ್ನುತ್ತಲೇ ಫೋನು ಹಿಡಿದಳು. ಮೊದಲ ಎರಡು ಸಾಲು ಎಲ್ಲರೂ ಬರೆಯುವಂಥದ್ದೇ. ಮೂರನೆಯದಕ್ಕೆ ಬಂದಾಗ, ಹೇಗೂ ತನ್ನ ಹೆಸರಿಲ್ಲವಲ್ಲ ಎಂಬ ಧೈರ್ಯಕ್ಕೋ ಏನೋ, ಆರು ವರ್ಷದಿಂದ ಗಂಟಲಲ್ಲಿ ಕೂತದ್ದು ಹೊರಗೆ ಬಂದುಬಿಟ್ಟಿತು. ಗಿಟಾರು, ಬಾಗಿಲು, ಕರೆಯಲಿ ಎಂದು ನಿಂತದ್ದು. ಬರೆದು ಮುಗಿಸಿದಾಗ ಅವಳಿಗೆ ಹಾಯೆನಿಸಿತು. ಹತ್ತಿರದ ಇಬ್ಬರು ಮೂವರಿಗೆ ಮಾತ್ರ ಕೊಡು, ಅವರವರ ಮಾತಲ್ಲಿ ತಿದ್ದಿ ಕಳಿಸಲಿ ಎಂದಳು. ನಿತಿನ್ ಆಗಲಿ ಎಂದವನು ಅದನ್ನು ಇಡೀ ಬಳಗದ ವಾಟ್ಸಾಪಿಗೆ ಎಸೆದ. ತಿದ್ದುವ ಗೋಜಿಗೆ ಯಾರು ಹೋಗುತ್ತಾರೆ? ಕಾಪಿ, ಪೇಸ್ಟ್, ಜೈ ಕರ್ನಾಟಕ ಮಾತೆ. ನಿಶಿ ಕಸಾಯಿ, ಒಸಾಕಾ, ನಗೋಯಾ ಮುಗಿದು ಬೆಂಗಳೂರಿನ ಚಿಕ್ಕಮ್ಮ ದೊಡ್ಡಮ್ಮಂದಿರ ಫೋನಿಗೂ ಹೋಯಿತು. ಎಲ್ಲರಿಗಿಂತ ಮೊದಲು ಕಳಿಸಿದವನು ನಿತಿನ್‌ನ ಗೆಳೆಯ ಭುವನ್, ನಿಶಿ ಕಸಾಯಿಯಲ್ಲಿರುವ ಸಾಫ್ಟ್‌ವೇರ್ ಹುಡುಗ. ಅವನಿಗೆ ಜಪಾನೀಸು ಓದಲು ಬಾರದು. ಹಾಡನ್ನು ಕೇಳಿಯೂ ಇರಲಿಲ್ಲ.

ಭುವನ್ ಹೆಸರು ಓದಿದ ಮರುವಾರ, ಭಾನುವಾರ, ಮಿಝೊಗುಚಿ-ಸಾನ್ ಉತ್ಸಾಹದಿಂದ, 'ಹಮಾಮತ್ಸು ಎಕ್ಸಿಟ್' ಮೊದಲ ಸ್ಥಾನಕ್ಕೆ ಬಂದಿದೆ, ಟೋಕಿಯೋದಿಂದ, ಒಸಾಕಾದಿಂದ, ಭಾರತದಿಂದಲೂ ಕೋರಿಕೆ ಬಂದಿದೆ ಎಂದರು. ಆದರೆ ಒಂದನ್ನೂ ಓದಲಿಲ್ಲ. ಯಾಕೆ ಓದಲಿಲ್ಲ? ಕುಮುದಾಳ ತಲೆಯಲ್ಲಿ ಇದೊಂದೇ ಹುಳ. ಓದಿದರೆ ಅದೇ ಬಾಗಿಲು, ಅದೇ ನಿಂತದ್ದು. ಇಡೀ ಊರಿಗೆ ಗೊತ್ತಾಗುತ್ತದೆ. ಓದದಿದ್ದರೆ ಅವರಿಗೆ ಗೊತ್ತಾಗಿದೆ ಎಂದಾಯಿತು. ಶಿಶುವಿಹಾರದಲ್ಲಿ ಮಕ್ಕಳಿಗೆ ಇಂಗ್ಲಿಷ್ ಹಾಡು ಹೇಳಿಕೊಡುವಾಗಲೂ ಸಾಲುಗಳು ತಪ್ಪಿಹೋಗುತ್ತಿದ್ದವು. ಯಾರ ಫೋನು ಬಡಿದರೂ ಸ್ಟೇಷನ್ನಿನದೇ ಎಂದು ಜೀವ ಬಾಯಿಗೆ ಬರುತ್ತಿತ್ತು.

ಅದಕ್ಕಿಂತ ಹೆಚ್ಚು ಸುಟ್ಟಿದ್ದು ಪ್ರಾಕ್ಟೀಸು. ತೆರಾದಾ-ಸಾನ್ ಪೆಟ್ಟಿಗೆ ತೆರೆದರೆ ಮುಚ್ಚಳದೊಳಗೆ ಅವಳದೇ ಮಾತು, ಅವರ ಅಂದವಾದ ಅಕ್ಷರದಲ್ಲಿ, ಕೆಳಗೆ 'ಭುವನ್-ಸಾನ್' ಎಂದು. ಅವರು ಆ ಜಾಗದಲ್ಲಿ ಈಗ ಒಂದು ಉಸಿರು ಹೆಚ್ಚು ನಿಲ್ಲುತ್ತಿದ್ದರು. ನಡುಗುವ ಕೈಯನ್ನು ಬಲವಂತವಾಗಿ ತಡೆದು, ತಂತಿಯ ಮೇಲೆ ಆ ಉಕ್ಕನ್ನು ಹಿಡಿದು ಕಾಯುತ್ತಿದ್ದರು. ಹಾಡು ಹಿಂದೆಂದಿಗಿಂತ ಚೆನ್ನಾಗಿ ಬರುತ್ತಿತ್ತು. ಇಲ್ಲದ ಕೇಳುಗನೊಬ್ಬನಿಗಾಗಿ ಅವರು ಹಾಗೆ ನುಡಿಸುತ್ತಿದ್ದಾರೆಂದು ನೆನೆದರೆ ಕುಮುದಾಳಿಗೆ ಮುಂದಿನ ಸಾಲಿಗೆ ದನಿಯೇ ಏಳುತ್ತಿರಲಿಲ್ಲ.

ಒಂದು ದಿನ ಪ್ರಾಕ್ಟೀಸ್ ಮುಗಿದ ಮೇಲೆ ತೆರಾದಾ-ಸಾನ್, ಭುವನ್-ಸಾನ್ ಅವರನ್ನು ಮುಂದಿನ ಶನಿವಾರ ಊಟಕ್ಕೆ ಕರೆಯಬೇಕೆಂದಿದ್ದೇನೆ, ಅಷ್ಟು ದೂರದಿಂದ ಬರುವುದು ತೊಂದರೆಯಾಗುತ್ತದೆಯೇ ಎಂದರು. ಕೇಳುವಾಗ ಅವರ ಕಿವಿ ಕೆಂಪಾಗಿತ್ತು. ಕುಮುದಾ, ತೊಂದರೆಯೇನಿಲ್ಲ, ಬರುತ್ತಾರೆ ಎಂದಳು.

ಮನೆಯಲ್ಲಿ ಅವಳು ನಿತಿನ್ ಮೇಲೆ ಹರಿಹಾಯ್ದಳು. ಅವನು ಬೈಸಿಕೊಂಡ, ಆಮೇಲೆ ಎಂದಿನಂತೆ ಪರಿಹಾರ ಹುಡುಕಿದ. ಭುವನ್ ಬರಲಿ. ಹೇಗೂ ಅವನಿಗೆ ಜಪಾನೀಸು ಬಾರದು, ನೀನೇ ಮಧ್ಯೆ ನಿಂತು ಅನುವಾದ ಮಾಡುತ್ತೀಯ. ಅವನು ಕನ್ನಡದಲ್ಲಿ ಮೊಸರನ್ನ ಅಂದರೂ ನೀನು ಜಪಾನೀಸಲ್ಲಿ ಗಿಟಾರು ಬಾಗಿಲು ಅಂದರಾಯಿತು. ಮೇ ಮುಗಿಯೋವರೆಗೆ ಹೇಗಾದರೂ ದೂಡು. ಆ ಮುದುಕರಿಗೆ ಖುಷಿ, ಯಾರಿಗೇನು ನಷ್ಟ? ಕುಮುದಾ ಇದಕ್ಕೆ ಎದುರಾಡಲಿಲ್ಲ. ಎದುರಾಡದೇ ಇದ್ದದ್ದಕ್ಕೆ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಭುವನ್ ಶುದ್ಧ ಸಸ್ಯಾಹಾರಿ ಎಂದಷ್ಟೇ ತೆರಾದಾ-ಸಾನ್‌ಗೆ ಮೆಸೇಜು ಹಾಕಿದಳು.

ಶನಿವಾರ ಭುವನ್ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಶಿಂಕಾನ್ಸೆನ್ ರೈಲು ಇಳಿದ. ಮದುವೆಗೆ ಹುಡುಗಿ ನೋಡಲು ಬಂದವನ ಹಾಗಿದ್ದ. ದಾರಿಯಲ್ಲಿ ಹಾಡು ಕೇಳಿಕೊಂಡು ಬಾ ಅಂದಿದ್ದೆನಲ್ಲ ಎಂದು ನಿತಿನ್ ಕೇಳಿದ್ದಕ್ಕೆ, ಆಫೀಸಿಂದ ಕಾಲ್ ಮೇಲೆ ಕಾಲ್ ಬಂತು ಗುರು ಎಂದ. ಇನ್ನು ಹೇಳಿಕೊಡಲು ಹೊತ್ತೂ ಇರಲಿಲ್ಲ, ಕಾಫಿ ಅಂಗಡಿ ರೈಲು ಸ್ಟೇಷನ್ನಿಗೆ ಅಷ್ಟು ಹತ್ತಿರ.

ತೆರಾದಾ-ಸಾನ್ ಬಾಗಿಲಲ್ಲೇ ನಿಂತಿದ್ದರು. ಟೋಪಿ ತೆಗೆದು, ತಮ್ಮ ಅರ್ಧ ವಯಸ್ಸೂ ಆಗದ ಹುಡುಗನಿಗೆ ಸೊಂಟ ಬಗ್ಗಿಸಿ ನಮಸ್ಕರಿಸಿದರು. ಭುವನ್ ಗಾಬರಿಯಾಗಿ ಅವರಿಗಿಂತ ಕೆಳಗೆ ಬಗ್ಗಿದ. ಒಳಗೆ ಮೇಜಿನ ಮೇಲೆ ಮುಚ್ಚಳದ ಪೆಟ್ಟಿಗೆಯಲ್ಲಿ ಊಟ ಇತ್ತು. ಹಮಾಮತ್ಸುವಿಗೆ ಬಂದವರಿಗೆ ಹಾವುಮೀನು ಬಡಿಸದೆ ಕಳಿಸುವುದು ಅವರ ಲೆಕ್ಕದಲ್ಲಿ ಮರ್ಯಾದೆಯಲ್ಲ. ಹಾಗಾಗಿ ಮೀನಿನ ಅಂಗಡಿಯ ಗೆಳೆಯನ ಮನೆಗೆ ಹೋಗಿ, ಮೀನು ಮುಟ್ಟದ ಹೊಸ ಜಾಲರಿಯ ಮೇಲೆ ಬದನೆಕಾಯಿಯನ್ನು ಅದೇ ರೀತಿ ಸೀಳಿ ಸುಡಿಸಿ ತಂದಿದ್ದರು. ಸಾರಿಗೆ ಮೀನಿನ ಪುಡಿಯನ್ನೂ ಹಾಕಿಸಿರಲಿಲ್ಲವಂತೆ. ತಪ್ಪಿದ್ದರೆ ಕ್ಷಮಿಸಿ ಎಂದರು. ಇಷ್ಟು ಮಾಡುವ ಬದಲು ಅವರು ಎರಡು ಬೈದಿದ್ದರೂ ತಡೆದುಕೊಳ್ಳಬಹುದಿತ್ತು ಎಂದು ಕುಮುದಾಳಿಗೆ ಅನಿಸಿತು.

ತಿನ್ನುವ ಮೊದಲು ಒಮ್ಮೆ ನುಡಿಸುತ್ತೇನೆ ಎಂದು ಅವರು ಗಿಟಾರ್ ಪೆಟ್ಟಿಗೆ ತೆರೆದರು. ಮುಚ್ಚಳದ ಕಾಗದವನ್ನು ತೋರಿಸಿ ನಾಚಿಕೊಂಡರು. ಭುವನ್ ಆ ಅಕ್ಷರಗಳನ್ನು ನೋಡಿ ಸುಗೊಯ್, ಸುಗೊಯ್, ಭಾರೀ ಚೆನ್ನಾಗಿದೆ, ಎಂದು ತಲೆಯಾಡಿಸಿದ. ಅವನಿಗೆ ಗೊತ್ತಿದ್ದದ್ದು ಅದೊಂದು ಪದ.

ಕುಮುದಾ ಹಾಡಿದಳು. ದನಿ ಎರಡು ಕಡೆ ಒಡೆಯಿತು. ತೆರಾದಾ-ಸಾನ್ ಅವಳ ಕಡೆ ನೋಡದೆ ಭುವನ್ ಮುಖ ನೋಡುತ್ತಾ ನುಡಿಸಿದರು. ಮುಗಿದ ಮೇಲೆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ನಡುಕ ಕಾಣದಂತೆ ಇನ್ನೊಂದು ಕೈಯಿಂದ ಮುಚ್ಚಿ, ಅವರು ಕೇಳಿದರು: ನೀವು ಬರೆದದ್ದು ಎಷ್ಟನೇ ನಿಲುಗಡೆಯ ಬಗ್ಗೆ? ಎರಡನೇ ಚರಣದ್ದೋ, ಕೊನೆಯದ್ದೋ? ನನ್ನ ಲೆಕ್ಕದಲ್ಲಿ ಕೊನೆಯದ್ದು. ಆದರೆ ಕೇಳಿದವರಿಗೆ ಬೇರೆ ಅನಿಸಿರಬಹುದು.

ಕುಮುದಾ ಅದನ್ನು ಕನ್ನಡದಲ್ಲಿ ಹೇಳಿದಳು. ನಿತಿನ್ ಕೊಯಿಕೆ-ಸಾನ್ ಹಿಂದೆ ನಿಂತು ಕಣ್ಣಲ್ಲೇ, ಏನಾದರೂ ಹೇಳು, ಏನಾದರೂ, ಎಂದು ಸನ್ನೆ ಮಾಡುತ್ತಿದ್ದ. ಭುವನ್ ಅವನ ಕಡೆ ನೋಡಲಿಲ್ಲ. ಹುಡುಗ ಪೆಟ್ಟಿಗೆಯೊಳಗಿನ ಬದನೆಕಾಯಿ ನೋಡಿದ, ಮುದುಕರ ಕೈ ನೋಡಿದ.

"ಅಕ್ಕಾ, ನಿಮ್ಗೆ ಹೆಂಗ್ ಬೇಕೋ ಹಂಗ್ ಹೇಳಿ," ಎಂದ ಕೊನೆಗೆ. "ಆದ್ರೆ ನಾನು ಇದನ್ನ ಇವತ್ತೇ ಫಸ್ಟ್ ಟೈಮ್ ಕೇಳ್ತಿರೋದು. ತುಂಬಾ ಚೆನ್ನಾಗಿದೆ. ಐ ಫೀಲ್ ವೆರಿ ಬ್ಯಾಡ್ ಅಕ್ಕಾ."

ತೆರಾದಾ-ಸಾನ್ ಅವಳ ಕಡೆ ತಿರುಗಿ ಕಾದರು. ಏನು ಬೇಕಾದರೂ ಹೇಳಬಹುದಿತ್ತು. ಕೊನೆಯದ್ದೇ ಎಂದಿದ್ದರೆ ಸಾಕು, ಆ ಮುಖ ಅರಳುತ್ತಿತ್ತು, ಎಲ್ಲರೂ ಕೂತು ಊಟ ಮಾಡುತ್ತಿದ್ದರು, ಮೇ ಬರುತ್ತಿತ್ತು. ಆ ಪದ ನಾಲಗೆಯ ತುದಿಯಲ್ಲೇ ಇತ್ತು. ಆರು ವರ್ಷದಲ್ಲಿ ಈ ಮನುಷ್ಯ ಚೆನ್ನಾಗಿಲ್ಲದ್ದನ್ನು ಚೆನ್ನಾಗಿದೆ ಎಂದು ಒಂದು ಸಲವೂ ಅವಳಿಗೆ ಹೇಳಿರಲಿಲ್ಲ.

"ಭುವನ್-ಸಾನ್ ಈ ಹಾಡನ್ನು ಇವತ್ತೇ ಮೊದಲ ಸಲ ಕೇಳುತ್ತಿದ್ದಾರಂತೆ," ಎಂದಳು ಜಪಾನೀಸಿನಲ್ಲಿ. "ತುಂಬಾ ಚೆನ್ನಾಗಿದೆ ಎಂದರು. ಆ ಮಾತು ಬರೆದದ್ದು ನಾನು. ನಮ್ಮ ಜನರೆಲ್ಲ ಅದನ್ನೇ ನಕಲು ಮಾಡಿ ಕಳಿಸಿದ್ದಾರೆ. ಟೋಕಿಯೋದ್ದು, ಒಸಾಕಾದ್ದು, ಭಾರತದ್ದು, ಎಲ್ಲ."

ಕೊಯಿಕೆ-ಸಾನ್ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ತೆರಾದಾ-ಸಾನ್ ಬೆರಳಿಗೆ ಸಿಕ್ಕಿಸಿಕೊಂಡಿದ್ದ, ತಂತಿ ಮೀಟುವ ನಖಗಳನ್ನು ಒಂದೊಂದಾಗಿ ಬಿಚ್ಚಿ ಡಬ್ಬಿಗೆ ಹಾಕಿದರು. ಎಡಗೈ ಈಗ ಮುಚ್ಚಿಡಲಾಗದಷ್ಟು ನಡುಗುತ್ತಿತ್ತು. ಆಮೇಲೆ ಗಿಟಾರನ್ನು ಒರೆಸಿ ಒಳಗಿಟ್ಟು ಮುಚ್ಚಳ ಮುಚ್ಚಿದರು. ಭುವನ್ ಕಡೆ ತಿರುಗಿ, ಆರಿಹೋದರೆ ಬದನೆಕಾಯಿ ಗಟ್ಟಿಯಾಗುತ್ತದೆ, ದಯವಿಟ್ಟು ತಿನ್ನಿ ಎಂದರು. ಕುಮುದಾಳಿಗೆ, ಸೋಮವಾರ ಬೆಳಿಗ್ಗೆ ನಾವು ರೇಡಿಯೋ ಸ್ಟೇಷನ್ನಿಗೆ ಹೋಗಬೇಕು ಎಂದರು. ನೀವು ಎನ್ನಲಿಲ್ಲ, ನಾವು ಎಂದರು.

ಭುವನ್ ಅಳುಮುಖ ಮಾಡಿಕೊಂಡು ಒಂದು ಅಗುಳೂ ಬಿಡದೆ ತಿಂದ. ಮನೆಗೆ ಹೋಗುವಾಗ ನಿತಿನ್ ದಾರಿಯುದ್ದಕ್ಕೂ ಬಾಯಿ ತೆಗೆಯಲಿಲ್ಲ. ಅವನ ಹತ್ತಿರ ಪರಿಹಾರ ಮುಗಿದದ್ದನ್ನು ಕುಮುದಾ ನೋಡಿದ್ದು ಅದೇ ಮೊದಲು. ಭಾನುವಾರದ ಕಾರ್ಯಕ್ರಮವನ್ನು ಆ ಮನೆಯಲ್ಲಿ ಯಾರೂ ಹಾಕಲಿಲ್ಲ.

ಸೋಮವಾರ ತೆರಾದಾ-ಸಾನ್ ಕಪ್ಪು ಸೂಟು ತೊಟ್ಟು, ಅಂದವಾಗಿ ಸುತ್ತಿಸಿದ ಸಿಹಿಯ ಪೊಟ್ಟಣ ಹಿಡಿದು ಬಂದರು. ಇಲ್ಲಿ ತಪ್ಪೊಪ್ಪಿಕೊಳ್ಳಲು ಬರಿಗೈಯಲ್ಲಿ ಹೋಗುವಂತಿಲ್ಲ, ಹೋಗಬೇಕಾದವರು ತಪ್ಪು ಮಾಡಿದವರಷ್ಟೇ ಅಲ್ಲ, ಅವರ ಹಿರಿಯರು. ಸ್ಟೇಷನ್ನಿನ ಪುಟ್ಟ ಕೋಣೆಯಲ್ಲಿ ಅವರು ಮಿಝೊಗುಚಿ-ಸಾನ್ ಮುಂದೆ ಬಗ್ಗಿದವರು ಎಷ್ಟು ಹೊತ್ತಾದರೂ ಏಳಲಿಲ್ಲ. ತಂಡದ ಮುಖ್ಯಸ್ಥನಾಗಿ ತನ್ನ ಗಮನ ಸಾಲದೆ ಹೀಗಾಯಿತು ಎಂದರು. ಪಕ್ಕದಲ್ಲಿ ಬಗ್ಗಿದ್ದ ಕುಮುದಾ, ಇಲ್ಲ, ಬರೆದದ್ದು ನಾನು, ಕಳಿಸಿದ್ದು ನನ್ನ ಮನೆಯವರು ಎಂದು ಬಾಯಿ ತೆರೆದಳು. ಅವರು ತಲೆ ಎತ್ತದೆಯೇ ಕೈಯಿಂದ ತಡೆದರು. ಯಾವ ಬೈಗುಳವೂ ಅವಳನ್ನು ಅಷ್ಟು ಕುಗ್ಗಿಸುತ್ತಿರಲಿಲ್ಲ. ನೆಲದ ಕಾರ್ಪೆಟ್ಟು ನೋಡುತ್ತಾ ಅವಳು ಬಗ್ಗಿಯೇ ನಿಂತಳು.

ಮಿಝೊಗುಚಿ-ಸಾನ್‌ಗೆ ಸಿಟ್ಟೇನೂ ಬರಲಿಲ್ಲ, ಆಶ್ಚರ್ಯವೂ ಆಗಲಿಲ್ಲ. ಅವರಿಗೆ ಮೊದಲ ವಾರವೇ ಗೊತ್ತಾಗಿತ್ತು. ಒಂದೇ ಮಾತು ಅಷ್ಟೊಂದು ಹೆಸರಿನಲ್ಲಿ ಬಂದರೆ ಯಾರಿಗೆ ಗೊತ್ತಾಗುವುದಿಲ್ಲ? ಮಾತು ಚೆನ್ನಾಗಿತ್ತೆಂದು ಒಂದನ್ನು ಓದಿದರು, ಉಳಿದವನ್ನು ಬದಿಗಿಟ್ಟು ಸುಮ್ಮನಿದ್ದರು. ನೀವೇ ಬಂದು ಹೇಳುತ್ತೀರೆಂದು ಕಾಯುತ್ತಿದ್ದೆ ಎಂದರು. ಮೊದಲ ಸ್ಥಾನ ಎಂದು ಅಷ್ಟು ಉತ್ಸಾಹದಿಂದ ಹೇಳಿದ್ದು ತನ್ನ ಕಿವಿಗೇ ಎಂದು ಕುಮುದಾಳಿಗೆ ಆಗ ತಿಳಿಯಿತು. ತೆರಾದಾ-ಸಾನ್ ಹಾಡನ್ನು ಸ್ಪರ್ಧೆಯಿಂದ ಹಿಂದೆಗೆದುಕೊಳ್ಳುವುದಾಗಿ ಹೇಳಿದರು. ಆಕೆ ಒಪ್ಪಿದರು. ಸರೋವರದ ಕೂಟಕ್ಕೆ ಬ್ಯಾಂಕಿನ ನಿವೃತ್ತರ ಇನ್ನೊಂದು ತಂಡ ಹೋಗುತ್ತದೆ.

ಹೊರಡುವಾಗ ಕುಮುದಾ ತಡೆಯಲಾಗದೆ ಕೇಳಿದಳು: ನಮ್ಮವರು ಕಳಿಸುವ ಮೊದಲು ಹಾಡು ಎಲ್ಲಿತ್ತು? ಮಿಝೊಗುಚಿ-ಸಾನ್ ಹೇಳಲೋ ಬೇಡವೋ ಎಂದು ತೆರಾದಾ-ಸಾನ್ ಮುಖ ನೋಡಿದರು. ಎರಡನೇ ಸ್ಥಾನದಲ್ಲಿ, ಮೊದಲನೆಯದಕ್ಕೆ ಅಂಟಿಕೊಂಡ ಹಾಗೆ ಇತ್ತಂತೆ. ಎಲ್ಲ ಈ ಊರಿನವರದೇ ಕೋರಿಕೆ. ಅದನ್ನು ಹಾಗೇ ಬಿಟ್ಟಿದ್ದರೆ ಏನಾಗುತ್ತಿತ್ತೋ ಹೇಳಲು ಬರುವುದಿಲ್ಲ ಎಂದರು. ಯಾರೂ ಕೇಳಿಕೊಳ್ಳದೆಯೇ ಯಾರೋ ಅಪರಿಚಿತರು ತನ್ನ ಹಾಡು ಕೇಳಬೇಕೆಂದು ಬರೆದಿದ್ದರು, ಅದರ ಮೇಲೆ ತಾನೇ ಕಲ್ಲು ಎತ್ತಿಹಾಕಿದೆ. ಕುಮುದಾಳಿಗೆ ಅಲ್ಲೇ ಮೈ ಪರಚಿಕೊಳ್ಳುವಂತಾಯಿತು.

ವಾಪಸ್ಸು ಕಾರನ್ನು ಕುಮುದಾಳೇ ಓಡಿಸಿದಳು. ತೆರಾದಾ-ಸಾನ್ ಕೈಗೆ ಈಗ ಸ್ಟೇರಿಂಗು ಆಗುತ್ತಿರಲಿಲ್ಲ. ಹೊರಗೆ ಗಾಳಿ ಎದ್ದಿತ್ತು. ಸಣ್ಣ ಕಾರು ಅಲುಗಾಡುತ್ತಿತ್ತು. ಅವರು ಕಿಟಕಿಯಾಚೆ ನೋಡುತ್ತಾ ಕೂತಿದ್ದರು. ಇನ್ನು ಪ್ರಾಕ್ಟೀಸಿಗೆ ಬರಬೇಡಿ ಎನ್ನುತ್ತಾರೆ, ಈಗ ಎನ್ನುತ್ತಾರೆ, ಈ ಸಿಗ್ನಲ್ ದಾಟಿದ ಮೇಲೆ ಎನ್ನುತ್ತಾರೆ ಎಂದು ಕುಮುದಾ ಕಾಯುತ್ತಿದ್ದಳು.

"ಆ ಬಾಗಿಲಿನ ಮಾತು," ಎಂದರು ಅವರು. "ಅದನ್ನು ಬರೆದದ್ದು ಗೆಲ್ಲುವುದಕ್ಕೋ?"

"ಅಲ್ಲ. ಉಳಿದದ್ದೆಲ್ಲ ಗೆಲ್ಲುವುದಕ್ಕೆ. ಅದೊಂದು ನಿಜ."

"ಆರು ವರ್ಷ ನನ್ನ ಪಕ್ಕದಲ್ಲೇ ನಿಂತು ಹಾಡಿದ್ದೀರಿ, ಕುಮುದಾ-ಸಾನ್. ನನಗೇ ಹೇಳಬಹುದಿತ್ತು."

ಅದು ನೆಟ್ಟಗೆ ಎದೆಗೆ ಬಿತ್ತು. ಎರಡು ದಿನದಿಂದ ತಡೆಹಿಡಿದ ಅಳು, ಭಯ, ಎಲ್ಲದರ ಜೊತೆಗೆ ಹಳೆಯ ಸಿಟ್ಟೊಂದು ಎದ್ದು ಬಂತು. ಹಿರಿಯರು, ತನಗಾಗಿ ಈಗಷ್ಟೇ ತಲೆ ಬಾಗಿಸಿ ಬಂದವರು ಎಂಬುದನ್ನೂ ಮರೆತು ಅವಳು ಮೊದಲ ಸಲ ಅವರಿಗೆ ತಿರುಗಿ ಹೇಳಿದಳು.

"ನೀವೂ ನನಗೆ ಏನೂ ಹೇಳಲಿಲ್ಲ."

ತೆರಾದಾ-ಸಾನ್ ಅವಳ ಕಡೆ ತಿರುಗಿದರು. ಸಿಟ್ಟಾದರೇನೋ ಎಂದು ಅವಳು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ಹೌದು," ಎಂದರು ಅವರು. "ಹೇಳಲಿಲ್ಲ." ಮತ್ತೆ ಕಿಟಕಿಯ ಕಡೆ ತಿರುಗಿದರು. "ಕೊನೆಯ ಚರಣದಲ್ಲಿ ನಿಮ್ಮ ದನಿ ಮೇಲಿನಿಂದ ಇಳಿಯುತ್ತದಲ್ಲ. ನಾನು ಅಲ್ಲಿ ಬಂದು ನಿಲ್ಲುವುದು ಅದನ್ನು ಕೇಳುವುದಕ್ಕೆ. ಪ್ರತಿಸಲ. ಇನ್ನೊಂದು ಸಲ ಎಂದು ನಾನು ಹೇಳುತ್ತಿದ್ದದ್ದೂ ಅದಕ್ಕೇ."

ಕುಮುದಾಳಿಗೆ ಮುಂದೆ ರಸ್ತೆ ಕಾಣಲಿಲ್ಲ. ಕೊಂಬಿನಿಯೊಂದರ ಮುಂದೆ ಕಾರು ತಿರುಗಿಸಿ ನಿಲ್ಲಿಸಿ, ಸ್ಟೇರಿಂಗಿಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತಳು. ತೆರಾದಾ-ಸಾನ್ ಬಿಸಿಯಾದದ್ದೇನಾದರೂ ತರುತ್ತೇನೆ ಎಂದು ಇಳಿದು, ಗಾಳಿಗೆ ತಲೆ ತಗ್ಗಿಸಿ, ನಡುಗುವ ಕೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡು ನಡೆದರು. ಕಣ್ಣೊರೆಸಿಕೊಂಡು ಅವಳು ಅವರ ಬೆನ್ನನ್ನೇ ನೋಡಿದಳು. ಇವರಿಗೆ ಹೇಳುವುದು ಇನ್ನೂ ಎಷ್ಟೋ ಇತ್ತು, ಕೇಳುವುದೂ ಇತ್ತು, ಜೂನು ಬಹಳ ದೂರವಿರಲಿಲ್ಲ. ಅಷ್ಟರೊಳಗೆ ಎಲ್ಲ ಆದೀತೇ ಎಂದು ಅವಳಿಗೆ ಹೆದರಿಕೆಯಾಯಿತು.